ಯಾರ ಕೈಯ ಮೊಳ

"ಲೆಕ್ಕ ಸರಿ ಬಂತೇನಮ್ಮಿ?"

ಸಂಜೆ ನಾನು ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುತ್ತಿದ್ದಂತೆ ನಮ್ಮತ್ತೆಯ ಬಾಯಿಂದ ಬರುತ್ತಿದ್ದ ಮೊದಲ ಮಾತೇ ಇದು. ಕಾಲು ತೊಳ್ಕೊ, ಕಾಫಿ ಕುಡಿ ಎಂಬುದೆಲ್ಲ ಆಮೇಲೆ. ನಾನು ಇಲ್ಲವೆಂದು ತಲೆಯಾಡಿಸಿದರೆ, "ಅಯ್ಯೋ ನಿನ್ನ! ಇಷ್ಟೊತ್ಗೆ ಒಂದ್ ಕೆರೆ ತೋಡ್ಬುಡ್ಬೋದಿತ್ತು ಕಣಮ್ಮಿ" ಎನ್ನುತ್ತಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ತೋಡ್ಕೊಳ್ಳಿ ಅತ್ತೆ, ಯಾರು ಬೇಡ ಅಂದ್ರು" ಎಂದು ಬ್ಯಾಗು ಬಿಸಾಕಿ ಒಳಗೆ ಹೋಗುತ್ತಿದ್ದೆ. ಹೀಗೆ ಜಗಳವಾಡಿಕೊಂಡೇ ನಾವಿಬ್ಬರೂ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದೆವು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನಮ್ಮ ಮನೆ. ನನ್ನ ಗಂಡನಿಗೆ ಹೊಸೂರಿನಲ್ಲಿ ಹೊಸದಾಗಿ ಎದ್ದಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸ. ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡಿ ಪಾಸು ಮಾಡುವ ವಿಭಾಗ. ನಾನು ಕೃಷ್ಣಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಪಾಠ ತಮಿಳಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ಬಸ್ಸಿನಲ್ಲಿ ಸೀಟಿಗಾಗಿ ಜಗಳ ತೆಲುಗಿನಲ್ಲಿ. ಶನಿವಾರ ಬಂತೆಂದರೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಪಾರ್ಟ್‌ಟೈಮ್ ಪಿಎಚ್‌.ಡಿ.ಗೆ ಹೆಸರು ಹಚ್ಚಿದ್ದೆ. ಅವರನ್ನು ಗೈಡ್ ಎಂದೇ ಕರೆಯುತ್ತೇನೆ, ಮನೆಯಲ್ಲೂ ಅವರ ಹೆಸರು ಅದೇ ಆಗಿತ್ತು. ಅತ್ತೆಗೆ ಮಾತ್ರ ಅವರು ಕೊನೆಯವರೆಗೂ 'ನಿಮ್ ಮೇಷ್ಟ್ರು'.

ಏನು ಲೆಕ್ಕ ಅದು? ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿಬಿಟ್ಟಿದೆ. ಯೂರೋಪು, ಅಮೆರಿಕಗಳಲ್ಲಿ ಭಾರೀ ಯಂತ್ರಗಳಿವೆ. ಅವುಗಳಲ್ಲಿ ಪ್ರೋಟಾನುಗಳನ್ನು ಅಸಾಧ್ಯ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಲ್ಲಿ ಹೊಸ ಕಣಗಳು ಹುಟ್ಟುತ್ತವೆ. ಮ್ಯೂಆನ್ ಎಂಬ ಕಣಗಳ ಜೋಡಿ ಅವುಗಳಲ್ಲಿ ಒಂದು. ಎಷ್ಟು ಜೋಡಿ ಹುಟ್ಟಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಹೇಳುವುದು ನಮ್ಮಂಥವರ ಕೆಲಸ. ಮೊದಲ ಅಂದಾಜು ಸುಲಭ, ಒಂದು ಹಾಳೆಯಲ್ಲಿ ಮುಗಿಯುತ್ತದೆ. ಆದರೆ ಪ್ರಯೋಗದವರು ಎಣಿಸಿ ನೋಡಿದರೆ ಅಂದಾಜಿನ ಸುಮಾರು ಎರಡರಷ್ಟು ಜೋಡಿ ಸಿಕ್ಕಿದ್ದವು. ಅಂದರೆ ಅಂದಾಜು ಸಾಲದು, ಅದರ ಮುಂದಿನ ಹಂತದ ತಿದ್ದುಪಡಿ ಬೇಕು. ಆ ತಿದ್ದುಪಡಿ ಒಂದು ಹಾಳೆಯದಲ್ಲ, ಒಂದು ಗೋಣಿಚೀಲದ್ದು.

ಪ್ರೋಟಾನಿನ ಒಳಗೆ ಕ್ವಾರ್ಕುಗಳಿವೆ, ಅವುಗಳನ್ನು ಅಂಟಿಸಿ ಹಿಡಿದಿರುವ ಗ್ಲುವಾನುಗಳಿವೆ. ಒಂದು ಗ್ಲುವಾನು ಒಂದು ಕ್ವಾರ್ಕಿಗೆ ಬಡಿದು ಮ್ಯೂಆನ್ ಜೋಡಿ ಹುಟ್ಟುವ ಬಗೆಯೊಂದಿದೆ. ಆ ಭಾಗ ನನ್ನ ಪಾಲಿಗೆ ಬಂದಿತ್ತು. ಕಷ್ಟ ಏನೆಂದರೆ, ನೇರವಾಗಿ ಲೆಕ್ಕ ಹಾಕಿದರೆ ಉತ್ತರ ಅನಂತ ಎಂದು ಬರುತ್ತದೆ. ಅನಂತ ಜೋಡಿ ಯಾರಿಗೆ ಬೇಕು? ಅದಕ್ಕೊಂದು ಉಪಾಯವಿದೆ. ಉದ್ದ, ಅಗಲ, ಎತ್ತರ, ಕಾಲ ಎಂದು ಈ ಲೋಕಕ್ಕೆ ನಾಲ್ಕು ಆಯಾಮಗಳಷ್ಟೇ. ನಾಲ್ಕರ ಮೇಲೆ ಒಂದು ಚೂರು ಹೆಚ್ಚಿದೆ ಎಂದುಕೊಂಡು ಲೆಕ್ಕ ಹಾಕಬೇಕು. ಆ ಚೂರು ಇರುವ ತನಕ ಅನಂತ ಎಂಬುದು ಬರಿಯ ದೊಡ್ಡ ಸಂಖ್ಯೆಯಾಗಿ ಕೈಗೆ ಸಿಕ್ಕುತ್ತದೆ. ಎಲೆಕ್ಟ್ರಾನು ಪ್ರೋಟಾನಿಗೆ ಬಡಿಯುವುದರ ಲೆಕ್ಕ ಬೇರೆ ಇದೆ, ಅದರಲ್ಲೂ ಇದೇ ದೊಡ್ಡ ಸಂಖ್ಯೆ ಕೂತಿರುತ್ತದೆ. ಇದರಲ್ಲಿ ಅದನ್ನು ಕಳೆದರೆ ದೊಡ್ಡದು ದೊಡ್ಡದಕ್ಕೆ ಹೊಡೆದುಹೋಗಿ ಉಳಿಯುವ ಶೇಷವೇ ನಿಜವಾದ ಉತ್ತರ.

ಎಲೆಕ್ಟ್ರಾನಿನ ಭಾಗವನ್ನು ಗೈಡ್ ತಾವೇ ಹಿಂದೆ ಮಾಡಿ ಪ್ರಕಟಿಸಿದ್ದರು. "ನಂದನ್ನೇ ತಗೊಳ್ಳಿ, ಅದನ್ನ ಮತ್ತೆ ಮಾಡೋ ಅಗತ್ಯ ಇಲ್ಲ" ಎಂದಿದ್ದರು. ನಾನು ಹಾಗೇ ತೆಗೆದುಕೊಂಡು, ನನ್ನ ಭಾಗದಿಂದ ಅದನ್ನು ಕಳೆದು, ಉತ್ತರ ಬರೆದು ಮುಗಿಸಿದೆ. ಅವತ್ತು ಅತ್ತೆಗೆ "ಸರಿ ಬಂತು" ಎಂದೂ ಹೇಳಿದ್ದೆ. ಅವರು ಹೆಸರುಬೇಳೆ ಪಾಯಸ ಮಾಡಿದರು.

ಆ ಪಾಯಸ ಅರಗುವಷ್ಟರಲ್ಲಿ ವಿದೇಶದಿಂದ ಗೈಡ್ ಹೆಸರಿಗೆ ಒಂದು ಪ್ರಿಪ್ರಿಂಟ್ ಬಂತು. ಇನ್ನೂ ಪತ್ರಿಕೆಯಲ್ಲಿ ಅಚ್ಚಾಗದ ಸಂಶೋಧನೆಯ ಪ್ರತಿಯದು, ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಬಂದಿತ್ತು. ಅಲ್ಲಿಯ ಮೂವರು ಸೇರಿ ನಾನು ಮಾಡಿದ ಲೆಕ್ಕವನ್ನೇ ಮಾಡಿದ್ದರು. ಯಾರೋ ನನಗಿಂತ ಮೊದಲು ಮುಗಿಸಿದರೆಂದು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕೊನೆಯ ಪುಟದಲ್ಲಿತ್ತು. ಅವರ ಉತ್ತರವೂ ನನ್ನ ಉತ್ತರವೂ ಒಂದೇ ಅಲ್ಲ. ಸೂತ್ರದ ಎಲ್ಲ ಪದಗಳೂ ಹೊಂದುತ್ತವೆ, ಒಂದೇ ಒಂದು ಪುಟ್ಟ ಪದ ಹೊಂದುವುದಿಲ್ಲ.

ಗೈಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಹೋದ ತಕ್ಷಣ ಫ್ಯಾನು ನನ್ನ ಕಡೆ ತಿರುಗಿಸುತ್ತಿದ್ದರು.

"ನೋಡೀಮ್ಮ, ಅವರು ಮೂವರಿದ್ದಾರೆ. ಚೆಕ್ ಮಾಡದೆ ಹೊರಗೆ ಬಿಡಲ್ಲ. ನೀವು ಎಲ್ಲೋ ಒಂದು ಕಡೆ ಜಾರಿದ್ದೀರಿ. ಅವರ ಫಾರ್ಮುಲಾ ಹಾಕಿ, ಅವರ ಪೇಪರಿಂದ ತಗೊಂಡಿದ್ದು ಅಂತ ಕೆಳಗೆ ಬರೆಯಿರಿ. ಥೀಸಿಸ್ ಮುಗಿಸಿ."

"ನನಗೆ ಬಂದಿದ್ದು ಅದಲ್ಲ ಸರ್."

"ಬರಬೇಕಾದ್ದು ಅದೇ ಅಲ್ವೇ?"

"ಹಾಗಾದ್ರೆ ಅದು ನನಗೂ ಬರಲಿ ಸರ್, ಆಮೇಲೆ ಹಾಕ್ತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ನೋಂದಣಿಯ ಅವಧಿ ಒಮ್ಮೆ ಮುಗಿದು, ಅವರೇ ಓಡಾಡಿ ಮುಂದೂಡಿಸಿದ್ದರು. ಮತ್ತೆ ಮುಂದೂಡುವ ಹಾಗಿಲ್ಲ. ಬೇಸಿಗೆ ರಜೆ ಮುಗಿದು ಕಾಲೇಜು ಬಾಗಿಲು ತೆರೆಯುವ ತಿಂಗಳ ಕೊನೆಯೊಳಗೆ ಥೀಸಿಸ್ ಒಪ್ಪಿಸದಿದ್ದರೆ ಇಷ್ಟು ವರ್ಷದ ಕೆಲಸ ನೀರಿಗೆ ಹೋದಂತೆ. ಡಿಗ್ರಿ ಇಲ್ಲ, ಮತ್ತೆ ಹೆಸರು ಹಚ್ಚುವಂತೆಯೂ ಇಲ್ಲ. ಅದನ್ನು ಅವರು ಬಿಡಿಸಿ ಹೇಳಿದರು. "ಹಟ ಮಾಡೋ ಸಮಯ ಅಲ್ಲಮ್ಮ ಇದು" ಎಂದರು. ಪ್ರಿಪ್ರಿಂಟ್ ತೆಗೆದುಕೊಂಡು ಹೊಸೂರಿನ ಬಸ್ಸು ಹತ್ತಿದೆ.

ಮನೆಯಲ್ಲಿ ಗಂಡನೂ ಅದೇ ರಾಗ ಹಾಡಿದರು. "ಹಾಕ್ಬಿಡೇ ಅತ್ಲಾಗೆ. ಒಂದು ಸಾಲು. ಯಾರು ಕೇಳ್ತಾರೆ?"

ಮೈಯೆಲ್ಲ ಉರಿದುಹೋಯಿತು. "ಅಳತೆ ತಪ್ಪಿದ ಬೋಲ್ಟು ನಿಮ್ಮ ಮೇಜಿಗೆ ಬಂದರೆ, ಪಕ್ಕದ ಕಾರ್ಖಾನೆಯವರ ಬೋಲ್ಟು ಸರಿ ಇದೆಯಂತೆ ಅಂತ ಪಾಸ್ ಮಾಡ್ತೀರಾ?"

"ಇಲ್ಲ, ಮಾಡಲ್ಲ" ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಅವರಲ್ಲಿ ನನಗೆ ಇಷ್ಟವಾದ ಗುಣ ಅದೇ.

ಆ ಬೇಸಿಗೆ ಹೇಗೆ ಕಳೆಯಿತೆಂದು ಈಗ ನೆನೆದರೆ ನನಗೇ ನಗು ಬರುತ್ತದೆ. ಕಾಲೇಜಿನಲ್ಲಿ ಉಳಿದು ರದ್ದಿಗೆ ಹೋಗಲಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟೊಂದನ್ನು ಕೇಳಿ ತಂದಿದ್ದೆ. ಒಂದು ಬದಿಯಲ್ಲಿ ಕಪ್ಪೆಯ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ತಮಿಳಿನಲ್ಲಿ ಇರುತ್ತಿತ್ತು, ಇನ್ನೊಂದು ಬದಿಯಲ್ಲಿ ನನ್ನ ಗ್ಲುವಾನು. ನನ್ನದೊಂದು ಪದ್ಧತಿಯಿತ್ತು. ಬೆಳಿಗ್ಗೆ ಒಮ್ಮೆ ಲೆಕ್ಕವನ್ನು ಮೇಲಿನಿಂದ ಕೆಳಗೆ ಮಾಡಿ ಮಡಿಸಿಡುವುದು. ಮಧ್ಯಾಹ್ನ ಊಟವಾದ ಮೇಲೆ ಅದನ್ನು ನೋಡದೆ, ಕೊನೆಯ ಸಾಲಿನಿಂದ ಹಿಂದಕ್ಕೆ ಬರುವುದು. ಎರಡೂ ನಡುವೆ ಸೇರಿದರೆ ಸರಿ. ಸೇರದಿದ್ದರೆ ಎರಡನ್ನೂ ಒಲೆಗೆ ಹಾಕಿ ಮತ್ತೆ ಶುರು. ಅತ್ತೆಗೆ ಸ್ನಾನದ ಹಂಡೆಯ ನೀರು ಕಾಯಿಸಲು ಒಳ್ಳೆಯ ಅನುಕೂಲವಾಯಿತು. "ಇವತ್ತು ನೀರು ಚೆನ್ನಾಗಿ ಕಾದೈತೆ, ಲೆಕ್ಕ ಕೆಟ್ಟೈತೆ ಅನ್ನು" ಎಂದು ಬಚ್ಚಲಿನಿಂದಲೇ ಕೂಗುತ್ತಿದ್ದರು.

ಸೂಳಗಿರಿಯಲ್ಲಿ ಗಂಡನ ಚಿಕ್ಕಪ್ಪನ ಮಗಳ ಮದುವೆ ಬಂತು. ನಾನು ಬರುವುದಿಲ್ಲ ಎಂದುಬಿಟ್ಟೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಕ್ಕಾಪಟ್ಟೆ ಬೈಸಿಕೊಳ್ಳುತ್ತೇನೆ ಎಂದುಕೊಂಡೆ. ಅವರು ರೇಷ್ಮೆ ಸೀರೆ ಉಟ್ಟು, ಮಗನ ಜೊತೆ ಹೊರಟು, ಬಾಗಿಲಲ್ಲಿ ತಿರುಗಿ, "ಸಾರು ಮುಚ್ಚಿಟ್ಟಿವ್ನಿ, ಬಿಸಿ ಮಾಡ್ಕಂಡ್ ತಿನ್ನು. ಕಾಗ್ದಾನೇ ತಿನ್ಬ್ಯಾಡ" ಎಂದರು ಅಷ್ಟೇ. ಸೊಸೆ ಎಲ್ಲಿ ಎಂದು ಮದುವೆಮನೆಯಲ್ಲಿ ಕೇಳಿದವರಿಗೆಲ್ಲ "ಅವ್ಳು ಲೆಕ್ಕ ಹಾಕ್ತಾವ್ಳೆ" ಎಂದರಂತೆ. ಬೀಗರ ಕಡೆಯವರೊಬ್ಬರು, ಅಷ್ಟೊಂದು ಆಸ್ತಿ ಇದೆಯಾ ನಿಮಗೆ ಎಂದು ಬೆರಗಾದರಂತೆ. ಅತ್ತೆ ಇಲ್ಲ ಎನ್ನಲಿಲ್ಲವಂತೆ!

ನನ್ನ ಭಾಗವನ್ನು ಪೂರ್ತಿ ಮತ್ತೆ ಮಾಡಿದೆ. ಮೊದಲಿನದೇ ಬಂತು. ಬೇರೆ ದಾರಿ ಹಿಡಿದು ಮಾಡಿದೆ. ಅದೇ ಬಂತು. ಅವರ ಪ್ರಿಪ್ರಿಂಟನ್ನು ಸಾಲುಸಾಲಾಗಿ ಕೆದಕಿದೆ. ಮಧ್ಯದ ಹೆಜ್ಜೆಗಳನ್ನು ಅವರು ಬರೆದಿರಲೇ ಇಲ್ಲ, ಆದರೂ ಎಲ್ಲಿಯೂ ಹುಳುಕು ಕಾಣಲಿಲ್ಲ. ಅವರೂ ಸರಿ, ನಾನೂ ಸರಿ, ಆದರೂ ಆ ಪುಟ್ಟ ಪದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಹೋಗಲೊಲ್ಲದು. ಒಂದು ದಿನ ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ನನಗೆ ಬುದ್ಧಿಯಿಲ್ಲ, ಬರೀ ಹಟವಿದೆ ಅನ್ನಿಸಿತು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಹುಣಸೆಹಣ್ಣು ನೆನೆಹಾಕುತ್ತಿರುವಾಗ ಹೊಳೆಯಿತು: ಈ ಇಡೀ ಲೆಕ್ಕದಲ್ಲಿ ನಾನು ಕೈಯಾರೆ ಮಾಡದ ಭಾಗ ಒಂದೇ, ಗೈಡ್ ಕೊಟ್ಟ ಎಲೆಕ್ಟ್ರಾನಿನ ಭಾಗ.

ಆ ಶನಿವಾರ ಹೋಗಿ ಹೇಳಿದೆ. "ಸರ್, ನಿಮ್ಮ ಭಾಗಾನೂ ನಾನು ಒಂದ್ಸಲ ಮಾಡಿ ನೋಡ್ತೀನಿ."

ಅವರ ಮುಖ ಬಿಗಿಯಿತು. "ಅದು ಅಚ್ಚಾಗಿ ವರ್ಷಗಳಾಗಿವೆ. ಬೇರೆಯವರು ಉಪಯೋಗಿಸಿದ್ದಾರೆ. ನನ್ನ ಲೆಕ್ಕದ ಮೇಲೆ ಅನುಮಾನವೇ?"

"ಅನುಮಾನ ಇಲ್ಲ ಸರ್. ನನಗೆ ಗೊತ್ತಿಲ್ಲ, ಅಷ್ಟೇ."

"ಸಮಯ ಎಲ್ಲಿದೆ? ಟೈಪಿಸ್ಟಿಗೆ ಯಾವಾಗ ಕೊಡ್ತೀರಿ?"

"ಕೊಡ್ತೀನಿ ಸರ್" ಎಂದೆ. ಯಾವಾಗ ಎಂದು ಹೇಳಲಿಲ್ಲ. ಅವತ್ತು ಅವರು ಫ್ಯಾನು ತಿರುಗಿಸಲು ಮರೆತಿದ್ದರು.

ಅಲ್ಲಿಂದ ಮುಂದೆ ನನಗೆ ಹಗಲು ಯಾವುದು, ವಾರ ಯಾವುದು ಎಂಬ ಪರಿವೆ ಇರಲಿಲ್ಲ. ಉತ್ತರಪತ್ರಿಕೆ ತಿದ್ದಲು ಕೃಷ್ಣಗಿರಿಗೆ ಹೋಗಿಬರುವಾಗ ಬಸ್ಸಿನ ತುಂಬ ಮಾವಿನ ಬುಟ್ಟಿಗಳು. ಒಂದು ಬುಟ್ಟಿಯನ್ನೇ ಮೇಜು ಮಾಡಿಕೊಂಡು ಬರೆದೆ. ಬುಟ್ಟಿಯ ಯಜಮಾನಿ, ಪರೀಕ್ಷೆಯಾ ಎಂದು ತೆಲುಗಿನಲ್ಲಿ ಕೇಳಿದಳು. ಹೌದು ಎಂದೆ. ಪಾಪ ಎಂದು ಒಂದು ಹಣ್ಣು ಕೊಟ್ಟಳು. ಹೀಗೆ ಎಲೆಕ್ಟ್ರಾನಿನ ಭಾಗವನ್ನು ಗೈಡ್ ಅವರ ಪೇಪರನ್ನು ತೆರೆಯದೆ, ಮೊದಲ ಸಾಲಿನಿಂದ ನಾನೇ ಕಟ್ಟಿದೆ. ಮುಗಿದ ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಕೂತು, ಹಾಳೆಗಳು ಹಾರದಂತೆ ನಾಲ್ಕು ಮೂಲೆಗೆ ಲೋಟಗಳನ್ನಿಟ್ಟು, ಅವರ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದೆ.

ಒಂದು ಪದ ಹೊಂದಲಿಲ್ಲ. ಆ ಪದವನ್ನು ಮತ್ತೆ ನೋಡಿದೆ. ಅರೆ, ಇದು ನನಗೆ ಗೊತ್ತಿರುವ ಮುಖ! ವಿದೇಶದವರಿಗೂ ನನಗೂ ನಡುವೆ ಅಡ್ಡ ಕೂತಿದ್ದ ಅದೇ ಪುಟ್ಟ ಪದ, ಅದೇ ಗಾತ್ರ. ಗೈಡ್ ಅವರದನ್ನು ತೆಗೆದುಹಾಕಿ ನನ್ನದನ್ನೇ ಕಳೆದೆ. ವಿದೇಶದವರ ಉತ್ತರ ಹೂವೆತ್ತಿದಂತೆ ಬಂತು.

ಕುಣಿಯಬೇಕು ಅನ್ನಿಸಿತು, ಕುಣಿಯಲಿಲ್ಲ. ಗೈಡ್ ತಪ್ಪು ಮಾಡಿದ್ದಾರೆಯೇ? ಅವರ ಪೇಪರನ್ನು ತಂದು ಮತ್ತೆ ಓದಿದೆ. ಸಾಲು ಸಾಲೂ ಸರಿ. ಕೊನೆಗೆ ಕಣ್ಣು ಹೋದದ್ದು ಯಾರೂ ನೋಡದ ಮೊದಲನೆಯ ಸಾಲಿನ ಕಡೆಗೆ. ಗ್ಲುವಾನು ಕಂಪಿಸುವ ದಿಕ್ಕುಗಳು ಎರಡು. ಯಾವ ದಿಕ್ಕಿನದು ಬರುತ್ತದೋ ಗೊತ್ತಿಲ್ಲದ್ದರಿಂದ ಸರಾಸರಿ ತೆಗೆಯಲು ಎರಡರಿಂದ ಭಾಗಿಸಬೇಕು. ಗೈಡ್ ಎರಡರಿಂದ ಭಾಗಿಸಿದ್ದರು. ಆದರೆ ಆಯಾಮ ನಾಲ್ಕರ ಮೇಲೆ ಒಂದು ಚೂರು ಇರುವಾಗ ದಿಕ್ಕುಗಳೂ ಎರಡರ ಮೇಲೆ ಒಂದು ಚೂರು. ನಾನು ಆ ಚೂರನ್ನೂ ಸೇರಿಸಿ ಭಾಗಿಸಿದ್ದೆ. ಇಷ್ಟು ಸಣ್ಣ ಚೂರು ಏನು ಮಾಡೀತು ಎನ್ನಬೇಡಿ. ಅದರ ಪಕ್ಕದಲ್ಲಿ ಆ ದೊಡ್ಡ ಸಂಖ್ಯೆ ಕೂತಿದೆ. ಚೂರನ್ನು ಅದರಿಂದ ಗುಣಿಸಿದರೆ ಕಣ್ಣಿಗೆ ಕಾಣುವಷ್ಟು ಬೇಡದ ಶೇಷ ಉಳಿಯುತ್ತದೆ, ಆ ಪುಟ್ಟ ಪದ ಅದೇ. ಎರಡು ಭಾಗಗಳನ್ನೂ ಗೈಡ್ ಅವರ ರೀತಿಯಲ್ಲೇ ಮಾಡಿದರೆ ಆ ಶೇಷ ಕಳೆದುಹೋಗುತ್ತದೆ. ಎರಡನ್ನೂ ನನ್ನ ರೀತಿಯಲ್ಲೇ ಮಾಡಿದರೂ ಕಳೆದುಹೋಗುತ್ತದೆ. ನಾನು ಒಂದನ್ನು ನನ್ನದೂ ಇನ್ನೊಂದನ್ನು ಅವರದೂ ಹಾಕಿದ್ದೆ.

ಅತ್ತೆ ಲೋಟಗಳನ್ನು ಹುಡುಕಿಕೊಂಡು ಜಗಲಿಗೆ ಬಂದರು. "ಇದ್ದಬದ್ದ ಲೋಟ ಎಲ್ಲಾ ಇಲ್ಲಿ ಜೋಡ್ಸವ್ಳೆ! ಸರಿ ಬಂತಾ?"

"ಬಂತು ಅತ್ತೆ. ಈ ಸಲ ನಿಜವಾಗ್ಲೂ ಬಂತು."

ಅವರು ಲೋಟ ಬಿಟ್ಟು ಪಕ್ಕದಲ್ಲಿ ಕೂತರು. ಏನಾಗಿತ್ತು ಎಂದು ಕೇಳಿದರು. ಅವರಿಗೆ ಹೇಗೆ ಹೇಳಲಿ? ಇಲ್ಲಿ ಅವರ ಹೂವಿನ ವಿಷಯ ಹೇಳಬೇಕು. ಅತ್ತೆ ತಳಿ ಎಂಬ ಊರಿನ ಕಡೆಯ ಹಳ್ಳಿಯವರು. ಹೂವಿನ ತೋಟದಲ್ಲೇ ಹುಟ್ಟಿ ಬೆಳೆದವರಿಗೆ ಹೊಸೂರಿನ ಪೇಟೆಯಲ್ಲಿ ದುಡ್ಡು ಕೊಟ್ಟು ಹೂವು ಕೊಳ್ಳುವುದೆಂದರೆ ಅವಮಾನ. ಕಟ್ಟಿದ ಹೂವನ್ನು ನಮ್ಮಲ್ಲಿ ಮೊಳದ ಲೆಕ್ಕದಲ್ಲಿ ಕೊಡುತ್ತಾರೆ, ಮೊಳಕೈಯಿಂದ ನಡುಬೆರಳ ತುದಿಯವರೆಗೆ. ಮಾರುವವಳು ತನ್ನ ಕೈಯಲ್ಲಿ ಅಳೆದು ಕೊಡುವುದು ವಾಡಿಕೆ. ಅತ್ತೆ ಒಪ್ಪುತ್ತಿರಲಿಲ್ಲ. ಅವರು ಎತ್ತರದ ಹೆಂಗಸು, ಕೈಯೂ ಅಷ್ಟೇ ಉದ್ದ. "ನನ್ ಕೈಯಾಗೆ ಅಳಿ" ಎಂದು ತೋಳನ್ನು ಹೂವಿನವಳ ಮೂಗಿನ ಮುಂದೆ ಚಾಚುತ್ತಿದ್ದರು. "ಉಂಗ ಕೈ ಪನೈ ಮರಂ!" ನಿಮ್ಮದು ಕೈಯಲ್ಲ, ತಾಳೆಮರ ಎಂದು ಅವಳು ತಮಿಳಿನಲ್ಲಿ ಗೊಣಗಿಕೊಂಡೇ ಅಳೆದು ಕೊಡುತ್ತಿದ್ದಳು. ಮನೆಗೆ ಬಂದು ನನಗೆ, ಪಕ್ಕದ ಮನೆಯವರಿಗೆ ಹಂಚುವಾಗಲೂ ಅವರ ಕೈಯೇ ಅಳತೆ. ಒಮ್ಮೆ ನಾನೇ ಅಳೆದುಕೊಳ್ಳಲು ಹೋಗಿ ಬೈಸಿಕೊಂಡಿದ್ದೆ. "ಈ ಮನೇಲಿ ಮೊಳ ಅಂದ್ರೆ ಒಂದೇಯಾ, ಅದು ನಂದು" ಎಂದಿದ್ದರು.

"ಅತ್ತೆ, ಪೇಟೇಲಿ ಹೂವಿನವಳು ಅವಳ ಕೈಯಲ್ಲಿ ಅಳೆದು ಕೊಟ್ಟಳು ಅಂದ್ಕೊಳ್ಳಿ. ನೀವು ಮನೆಗೆ ಬಂದು ನಿಮ್ಮ ಕೈಯಲ್ಲಿ ಅಳೆದು ಹಂಚಿದ್ರಿ. ಸರಿ ಹೋಗುತ್ತಾ?"

"ಎಲ್ ಸರಿಹೋಯ್ತೈತೆ? ಕಡ್ಮೆ ಬೀಳ್ತೈತೆ."

"ತಪ್ಪು ಯಾರದು?"

"ಅವ್ಳ್ದೇ! ಅವ್ಳ ಕೈ ಗಿಡ್ಡ."

"ಅವಳ ಕೈಗೆ ಅವಳು ಸರಿಯಾಗೇ ಅಳೆದಿದ್ದಾಳೆ ಅತ್ತೆ. ನಿಮ್ಮ ಕೈಗೆ ನೀವೂ ಸರಿಯಾಗೇ ಅಳೆದಿದ್ದೀರಿ. ಆದರೆ ಒಂದರಲ್ಲಿ ಒಂದು ಕಳೆಯೋ ಹಾಗಿಲ್ಲ. ನಾನು ಮಾಡಿದ್ದು ಅದೇ. ಅರ್ಧ ಲೆಕ್ಕ ಮೇಷ್ಟ್ರ ಕೈಯಲ್ಲಿ, ಅರ್ಧ ನನ್ನ ಕೈಯಲ್ಲಿ."

ಅತ್ತೆಗೆ ಒಂದೇ ಅನುಮಾನ ಉಳಿದಿತ್ತು. "ನಿಮ್ ಮೇಷ್ಟ್ರ ಕೈ ಉದ್ದನೋ, ನಿಂದೋ?"

"ನಂದು ಒಂದು ಚೂರು ಉದ್ದ."

"ಮತ್ತೆ! ನಮ್ಮನೆ ಸೊಸೆ ಅಲ್ವಾ" ಎಂದು ಲೋಟಗಳನ್ನು ಬಾಚಿಕೊಂಡು ಎದ್ದರು. ನನ್ನ ಹಾಳೆಗಳು ಅಂಗಳದ ತುಂಬ ಹಾರಿದವು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಹಿಡಿದೆವು.

ಶನಿವಾರದ ತನಕ ಕಾಯಲಿಲ್ಲ, ಮಾರನೆಯ ದಿನವೇ ಬೆಂಗಳೂರಿಗೆ ಹೋದೆ. ಗೈಡ್ ನನ್ನ ಹಾಳೆಗಳನ್ನು ನೋಡಿದರು, ಎದ್ದು ಬೋರ್ಡಿನ ಮುಂದೆ ನಿಂತರು, ತಾವೇ ಮೊದಲ ಸಾಲಿನಿಂದ ಬರೆಯತೊಡಗಿದರು. ಚಾಕ್‌ಪೀಸು ಸವೆದು ಉಗುರಿನಷ್ಟಾಯಿತು. ಅವರು ಒಪ್ಪದಿದ್ದರೆ ನನ್ನ ಡಿಗ್ರಿ ಅಲ್ಲಿಗೆ ಮುಗಿಯಿತು.

"ನಾನು ಎರಡರಿಂದ ಭಾಗಿಸಿದ್ದೆ" ಎಂದರು ಬೋರ್ಡಿನ ಕಡೆ ಮುಖ ಮಾಡಿಯೇ.

"ಅದು ತಪ್ಪಲ್ಲ ಸರ್."

"ತಪ್ಪಲ್ಲ, ಗೊತ್ತು. ಆದರೆ ಭಾಗಿಸಿದ್ದೀನಿ ಅಂತ ಪೇಪರಲ್ಲಿ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿಲ್ಲ." ಕೈಗೆ ಮೆತ್ತಿದ ಚಾಕಿನ ಪುಡಿ ಕೊಡವಿಕೊಂಡು ನನ್ನ ಎದುರು ಬಂದು ಕೂತರು. ಅವರ ಮುಖದಲ್ಲಿ ನಗು ಬಂತು. "ಅಲ್ಲಮ್ಮ, ಇಷ್ಟೆಲ್ಲ ಮಾಡಿ ಕೊನೆಗೆ ಬಂದದ್ದು ಅವರ ಸಾಲೇ ಅಲ್ವಾ? ರಜೆಗೆ ಮುಂಚೆ ನಾನು ಹಾಕಿ ಅಂದದ್ದೂ ಇದೇ ಸಾಲನ್ನ. ಒಂದು ಅಕ್ಷರ ವ್ಯತ್ಯಾಸ ಇಲ್ಲ."

ಅವರು ತಮಾಷೆಗೇ ಹೇಳಿದ್ದು. ಆದರೆ ನನಗೆ ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. "ಅವತ್ತು ಹಾಕಿದ್ದರೆ ಅದು ಅವರದು ಸರ್. ಇವತ್ತು ಇದು ನಂದು. ಯಾರು ಯಾವ ಸಾಲಲ್ಲಿ ನಿಲ್ಲಿಸಿ ಕೇಳಿದರೂ ಹೇಳ್ತೀನಿ."

ಗೈಡ್ ಎದ್ದು ಹೋಗಿ ಫ್ಯಾನನ್ನು ನನ್ನ ಕಡೆ ತಿರುಗಿಸಿದರು. "ಎರಡು ರೀತಿಯ ಸರಾಸರಿ, ಬೆರೆಸಿದರೆ ಏನಾಗುತ್ತೆ, ಅದನ್ನೆಲ್ಲ ಒಂದು ಅನುಬಂಧ ಮಾಡಿ ಕೊನೆಯಲ್ಲಿ ಸೇರಿಸಿ. ನನ್ನ ಪೇಪರಿನ ಹೆಸರೂ ಹಾಕಿ, ಮುಚ್ಚಿಡಬೇಡಿ" ಎಂದರು. ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದು ಬಸ್ಸು ಹತ್ತಿಸಿದರು. ಹಿಂದೆ ಎಂದೂ ಹಾಗೆ ಬಂದವರಲ್ಲ.

ಥೀಸಿಸ್ ಒಪ್ಪಿಸಿದ್ದು ಗಡುವು ಮುಗಿಯುವ ವಾರದಲ್ಲಿ, ಬೈಂಡಿಂಗಿನ ಗೋಂದು ಇನ್ನೂ ಹಸಿಯಾಗಿತ್ತು. ಮೌಖಿಕ ಪರೀಕ್ಷೆಗೆ ಮದರಾಸಿನಿಂದ ಹಿರಿಯ ವಿದ್ವಾಂಸರೊಬ್ಬರು ಬಂದರು. ಅವರು ಬೇರೆಲ್ಲ ಬಿಟ್ಟು ಮೊದಲು ಕೇಳಿದ್ದೇ, ಈ ಸೂತ್ರ ಆಗಲೇ ಹೊರಬಂದಿದೆಯಲ್ಲ, ಮತ್ತೆ ಯಾಕೆ ಮಾಡಿದಿರಿ ಎಂದು. ನಾನು ಬೋರ್ಡಿನ ಹತ್ತಿರ ಹೋಗಿ ಮೊದಲ ಸಾಲು ಬರೆದೆ. ಎರಡರಿಂದ ಭಾಗಿಸಿ ತೋರಿಸಿದೆ, ಚೂರು ಸೇರಿಸಿ ಭಾಗಿಸಿ ತೋರಿಸಿದೆ, ಬೆರೆಸಿದರೆ ಉಳಿಯುವ ಶೇಷವನ್ನೂ ತೋರಿಸಿದೆ. ಒಂದು ಹಾಳೆಯೂ ಕೈಯಲ್ಲಿರಲಿಲ್ಲ. ಅವರು ಕೂತಲ್ಲಿಂದ ಎದ್ದು ಬೋರ್ಡಿನ ಹತ್ತಿರವೇ ಬಂದು ನಿಂತು ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಆ ಅನುಬಂಧದ ಮೇಲೆಯೇ. ಹೊರಗೆ ಕಾದಿದ್ದ ನನಗೆ ಆಯಿತೆಂದು ಹೇಳಲು ಬಂದಾಗ ಗೈಡ್ ಅವರ ಅಂಗಿಯ ತುಂಬ ಚಾಕಿನ ಪುಡಿ. ಒಳಗೆ ಅವರಿಬ್ಬರೂ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದ್ದರಂತೆ.

ಅವತ್ತು ಮನೆ ತಲುಪಿದಾಗ ಅತ್ತೆ ಮೆಟ್ಟಿಲ ಮೇಲೇ ಕೂತಿದ್ದರು. ಮಡಿಲಲ್ಲಿ ಬಾಳೆಯೆಲೆಯ ಪೊಟ್ಟಣ. ನಾನೇ ಮೊದಲು ಹೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಲೆಕ್ಕ ಸರಿ ಬಂತೇನಮ್ಮಿ?"

"ಬಂತು ಅತ್ತೆ. ಅವರೂ ಒಪ್ಪಿದ್ರು."

"ಅವ್ರು ಒಪ್ಪೋದಿರ್ಲಿ, ನಿಂಗೆ ಬಂತಲ್ಲ" ಎಂದು ಪೊಟ್ಟಣ ಬಿಚ್ಚಿದರು. ತುಂಬು ಮಲ್ಲಿಗೆ, ನಡುನಡುವೆ ಕನಕಾಂಬರ. ದಂಡೆಯ ತುದಿ ಹಿಡಿದು ನಿಂತರು. ಅವರು ತೋಳು ಚಾಚಿ ಅಳೆಯುತ್ತಾರೆಂದು ನಾನು ತಲೆ ಬಗ್ಗಿಸಿ ಕಾದೆ.

"ತಲೆ ಯಾಕ್ ಬಗ್ಗಿಸ್ತೀಯ? ಕೈ ಚಾಚು. ಇವತ್ತು ನಿನ್ ಮೊಳ."

ಕೈ ಚಾಚಿದೆ. ಅತ್ತೆ ನನ್ನ ಮೊಳಕೈಗೆ ದಂಡೆಯ ತುದಿ ಒತ್ತಿ ಹಿಡಿದು, ನಡುಬೆರಳ ತನಕ ಎಳೆದು, ಅಲ್ಲಿಗೆ ಸರಿಯಾಗಿ ಕತ್ತರಿಸಿದರು. ಅವರ ಮೊಳಕ್ಕಿಂತ ನನ್ನದು ಎರಡು ಬೆರಳು ಗಿಡ್ಡ. ಅಷ್ಟನ್ನೇ ಮುಡಿಸಿದರು.